ಮುಗುಂಗ್‌ಹ್ವಾ: ಒಂದು ಹಗಲಿನ ಹೂವು, ಕೊನೆಯಿಲ್ಲದ ಹೆಸರು

ಕೇಳುಗರಿಗೆ ನಮಸ್ಕಾರ.

ದೇವರ ಪೂಜೆಗೆಂದು ಹಿತ್ತಿಲಿನ ದಾಸವಾಳ ಕೊಯ್ದವರಿಗೆಲ್ಲ ಗೊತ್ತು, ಬೆಳಗ್ಗೆ ಅರಳಿದ ಆ ಹೂವು ಸಂಜೆಯವರೆಗೆ ನಿಂತರೆ ಹೆಚ್ಚು. ಅದರದೇ ಕುಲದ ಇನ್ನೊಂದು ಹೂವನ್ನು ದಕ್ಷಿಣ ಕೊರಿಯಾದ ಜನರು ತಮ್ಮ ರಾಷ್ಟ್ರಪುಷ್ಪವೆಂದು ಕಾಣುತ್ತಾರೆ. ಅದರ ಹೆಸರು ಮುಗುಂಗ್‌ಹ್ವಾ. 'ಮುಗುಂಗ್' ಎಂದರೆ ಕೊನೆಯಿಲ್ಲದ್ದು, 'ಹ್ವಾ' ಎಂದರೆ ಹೂವು.

ಒಂದೇ ಹಗಲು ಬಾಳುವ ಹೂವಿಗೆ ಇಂಥ ಹೆಸರು ಏಕೆ ಎಂಬುದು ಗಿಡದ ಬಳಿ ನಿಂತರೆ ತಿಳಿಯುತ್ತದೆ. ನಸುಕಿನಲ್ಲಿ ಬಿರಿದ ಹೂವು ಇಳಿಹೊತ್ತಿಗೆ ತನ್ನ ಐದೂ ದಳಗಳನ್ನು ಬತ್ತಿ ಹೊಸೆದಂತೆ ಸುತ್ತಿಕೊಂಡು, ಎಸಳೆಸಳಾಗಿ ಚೆದರದೆ ಇಡಿಯಾಗಿ ಉದುರುತ್ತದೆ. ಮರುದಿನ ಅದೇ ರೆಂಬೆಯಲ್ಲಿ ಬೇರೆ ಮೊಗ್ಗು ಕಣ್ಣು ಬಿಡುತ್ತದೆ. ಜುಲೈನಿಂದ ಅಕ್ಟೋಬರ್‌ವರೆಗೆ, ಹೆಚ್ಚುಕಡಿಮೆ 100 ದಿನ, ಈ ಸರದಿ ನಿಲ್ಲುವುದಿಲ್ಲ. ದಾಳಿಗಳನ್ನೂ ಪರರ ಆಳ್ವಿಕೆಯನ್ನೂ ಕಂಡ ಜನರು ಈ ಗಿಡದಲ್ಲಿ ತಮ್ಮನ್ನೇ ಕಂಡುಕೊಂಡದ್ದು ಸಹಜ.

ಕೊರಿಯಾದ ಪ್ರಾಚೀನ ಸಿಲ್ಲಾ ರಾಜ್ಯದ ವಿದ್ವಾಂಸ ಚ್ವೆ ಚಿವನ್ 897ರಲ್ಲಿ ಚೀನಾದ ತಾಂಗ್ ಆಸ್ಥಾನಕ್ಕೆ ಬರೆದುಕೊಟ್ಟ ಓಲೆಯಲ್ಲಿ ತನ್ನ ನಾಡನ್ನು ಈ ಹೂವಿನ ನಾಡೆಂದೇ ಕರೆದಿದ್ದಾನೆ. ಆದರೂ ಇದನ್ನು ಅರಮನೆಯ ಹೂವು ಎನ್ನಲಾಗದು; ಕೊರಿಯಾದ ಕೊನೆಯ ರಾಜಮನೆತನದ ಲಾಂಛನದಲ್ಲಿದ್ದುದು ಪ್ಲಮ್ ಹೂವು. ಇಂದಿಗೂ ಮುಗುಂಗ್‌ಹ್ವಾವನ್ನು ರಾಷ್ಟ್ರಪುಷ್ಪವೆಂದು ಸಾರುವ ಪ್ರತ್ಯೇಕ ಕಾನೂನು ಅಲ್ಲಿಲ್ಲ. ರಾಷ್ಟ್ರಗೀತೆಯ ಪಲ್ಲವಿಯಲ್ಲಿ ಮಾತ್ರ ಅದು ನಾಡಿನ ಉದ್ದಗಲಕ್ಕೂ ಅರಳಿದೆ.

1910ರಿಂದ 1945ರವರೆಗಿನ ಜಪಾನಿನ ಆಳ್ವಿಕೆಯಲ್ಲಿ ಈ ಗಿಡವನ್ನು ನೆಡುವುದೇ ಒಂದು ಪ್ರತಿಭಟನೆಯಾಯಿತು. ಪತ್ರಕರ್ತರೂ ಶಿಕ್ಷಕರೂ ಆಗಿದ್ದ ನಾಮ್‌ಗುಂಗ್ ಅಕ್ ಅವರು ಹೊಂಗ್‌ಚನ್ ಸೀಮೆಯ ತಮ್ಮ ಹಳ್ಳಿಯಲ್ಲಿ ಸಸಿಮಡಿ ಮಾಡಿ, ಸಸಿಗಳನ್ನು ಊರೂರಿಗೆ ಹಂಚಿದರು. ಹೆಣ್ಣುಮಕ್ಕಳ ಕಸೂತಿಗೆಂದು ಅವರು ಬರೆದುಕೊಟ್ಟ ಮಾದರಿಯೂ ಉಂಟು: ಮುಗುಂಗ್‌ಹ್ವಾದ ರೆಂಬೆಯೇ ಕೊರಿಯಾದ ನಕ್ಷೆಯಾಗಿ ಬಾಗಿ, 13 ಪ್ರಾಂತಗಳಿಗೆ 13 ಹೂಗಳನ್ನು ಹೊತ್ತಿರುತ್ತದೆ. ಬಟ್ಟೆಯ ಮೇಲಿನ ಸೂಜಿಯ ಕೆಲಸದಲ್ಲಿ ದೇಶದ್ರೋಹವನ್ನು ಹುಡುಕುವುದು ಯಾವ ಪೊಲೀಸನಿಗೂ ಸುಲಭವಲ್ಲ. ಆದರೆ ಸಸಿಗಳು ಕಣ್ಣಿಗೆ ಬಿದ್ದವು. 1933ರಲ್ಲಿ ಅವರ ಬಂಧನವಾಯಿತು, ಮಡಿಯ ಗಿಡಗಳು ನಾಶವಾದವು. ಈ ಹೂವನ್ನು ನೋಡಿದರೆ ಕಣ್ಣು ಕೆಂಪಾಗುತ್ತದೆ, ಮುಟ್ಟಿದರೆ ಮೈಗೆ ಹುಣ್ಣೇಳುತ್ತದೆ ಎಂಬ ಪುಕಾರನ್ನು ಆ ಕಾಲದಲ್ಲಿ ಜಪಾನೀಯರು ಹಬ್ಬಿಸಿದ್ದರೆಂದು ಕೊರಿಯನ್ನರು ಈಗಲೂ ಹೇಳುತ್ತಾರೆ.

ಈಗ ಆ ದೇಶದ ಅತ್ಯುನ್ನತ ಪದಕಕ್ಕೂ, ಒಂದು ದರ್ಜೆಯ ರೈಲುಗಾಡಿಗೂ ಇದೇ ಹೆಸರಿದೆ. ಧ್ವಜಸ್ತಂಭದ ತುದಿಯಲ್ಲಿ ಇದರ ಮೊಗ್ಗಿದೆ. ದಳಗಳ ಬುಡದಲ್ಲಿ ಕೆಂಪು ಚುಕ್ಕೆಯುಳ್ಳ ತಳಿಗಳನ್ನು 'ದಾನ್‌ಶಿಮ್', ಅಂದರೆ ಕೆಂಪು ಹೃದಯ, ಎನ್ನುತ್ತಾರೆ. ಬದಲಾಗದ ನಿಷ್ಠೆಗೂ ಅವರ ಭಾಷೆಯಲ್ಲಿ ಅದೇ ಮಾತು. ಇಷ್ಟು ಗೌರವವಿದ್ದರೂ, ವಸಂತದಲ್ಲಿ ಚೆರ್ರಿ ಹೂಗಳ ಕೆಳಗೆ ನೆರೆಯುವಷ್ಟು ಜನ ಸಸ್ಯಹೇನು ಹತ್ತುವ ಈ ಗಿಡದ ಬಳಿ ನೆರೆಯುವುದಿಲ್ಲ.

ನನಗನಿಸುವಂತೆ, ಹೂವು ನಿಜವಾಗಿ ಉಸಿರಾಡುತ್ತಿರುವುದು ಪದಕದಲ್ಲಲ್ಲ, ಮಕ್ಕಳ ಆಟದಲ್ಲಿ. ಒಂದು ಮಗು ಗೋಡೆಗೆ ಮುಖ ಮಾಡಿ, ಒಂದರಿಂದ ಹತ್ತು ಎಣಿಸುವ ಬದಲು ಹತ್ತು ಅಕ್ಷರಗಳ ಒಂದು ವಾಕ್ಯ ಕೂಗುತ್ತದೆ: 'ಮುಗುಂಗ್‌ಹ್ವಾ ಕ್ಕೊಚಿ ಪಿಯೊತ್‌ಸುಮ್ನಿದಾ', ಮುಗುಂಗ್‌ಹ್ವಾ ಹೂವು ಅರಳಿತು. ಕೂಗು ಮುಗಿದು ಮಗು ತಿರುಗುವಷ್ಟರಲ್ಲಿ, ಬೆನ್ನ ಹಿಂದೆ ಓಡಿ ಬರುತ್ತಿದ್ದವರೆಲ್ಲ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಂತಿರುತ್ತಾರೆ.