ಗಂಜಿಗೂ ಕೆಜಿಗೆ 360 ರೂಪಾಯಿ ಕೊಟ್ಟು ಬಂದ್ವಿ

ಹಾಂ, ಹಂದಿ ಮರಿ ತರೋಕೆ ಶನಿವಾರಸಂತೆ ಊರಿನ ಕಡೆ ಹೊರಟಿದ್ದೀವಿ. ಕ್ಯಾಮೆರಾ ಕುಣೀತಿರೋದು ನನ್ನ ತಪ್ಪಲ್ಲ, ರಸ್ತೆದು. ಎಂಟು ಗಂಟೆಗೆ ಹೊರಡೋಣ ಅಂದಿದ್ದು ನಮ್ಮ ಮಾವನೇ. ಕೊಟ್ಟಿಗೆಗೆ ಹುಲ್ಲು ಹಾಕಿ ಬಂದೆ ಅಂತ ಹೋದವರು ಒಂಬತ್ತೂವರೆಗೆ ಬಂದ್ರು. ಆ ಒಂದೂವರೆ ಗಂಟೆಗೆ ಎಷ್ಟು ದುಡ್ಡು ಬಿತ್ತು ಅಂತ ಆಮೇಲೆ ಹೇಳ್ತೀನಿ.

ಕಾಫಿ ತೋಟದ ಮೂಲೇಲಿ ಹಳೇ ಗೂಡು ಖಾಲಿ ಬಿದ್ದಿದೆ, ನಾಲ್ಕು ಮರಿ ಸಾಕೋಣ ಅಂತ. ಎರಡು ಮನೆಗೆ, ಎರಡು ಮಾರೋಕೆ. ಕೊಡಗಲ್ಲಿ ಇದ್ಕೊಂಡು ಪಂದಿ ಕರಿಗೆ ಅಂಗಡಿ ಮಾಂಸ ತರೋದು ನನಗ್ಯಾಕೋ ನಾಚಿಕೆ ಅನ್ಸುತ್ತೆ. ಅದಕ್ಕೆ ಹಾಕೋ ಹುಳಿ, ಕಾಚಂಪುಳಿ ಮಾತ್ರ ಮನೇದು, ಹಂದಿ ಎಲ್ಲಿಂದಲೋ. ಸರ್ಕಾರದ ಹಂದಿ ಸಾಕಾಣಿಕೆ ಕೇಂದ್ರ ಕೂಡಿಗೇಲಿದೆ, ಅಲ್ಲಿ ಯಾಕೆ ತಗೊಳ್ಳಲಿಲ್ಲ ಅಂತ ಕೇಳ್ತೀರ. ಮಾವನಿಗೆ ಪರಿಚಯದವರ ಹತ್ರಾನೇ ಆಗ್ಬೇಕು, ಅಷ್ಟೆ.

ಬಂದ್ವಿ. ಗೇಟಲ್ಲೇ ನೋಡಿ, ಸುಣ್ಣದ ನೀರು ತುಂಬಿದ ತಟ್ಟೆ. ಕಾಲಿಟ್ಟೇ ಒಳಗೆ ಬರ್ಬೇಕಂತೆ. ಮರಿ ಮಾರೋ ಈ ಅಣ್ಣ ದಡ್ಡ ಅಲ್ಲ ಅಂತ ಆಗಲೇ ಗೊತ್ತಾಯ್ತು. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲಕ್ಕೆ ಬಂತು, 2022ರಲ್ಲಿ ನಮ್ಮ ಜಿಲ್ಲೆಗೂ ಕಾಲಿಡ್ತು. ಮನುಷ್ಯರಿಗೆ ಏನೂ ಆಗಲ್ಲ, ಆದ್ರೆ ಗೂಡಿಗೆ ಹೊಕ್ಕರೆ ಗೂಡೇ ಖಾಲಿ. ಚಪ್ಪಲೀಲೂ ಬರುತ್ತೆ, ಹೋಟೆಲ್ ಮುಸುರೇಲೂ ಬರುತ್ತೆ. ಹಾಗಾಗಿ ಎಲ್ಲಿಂದಲೋ ಬಂದು ಸಂತೇಲಿ ನಿಂತಿರೋ ಮರಿ ನನಗೆ ಪುಕ್ಕಟೆ ಕೊಟ್ರೂ ಬೇಡ.

ಮರಿಗೆ 55 ದಿನ. "ಅಪ್ಪಟ ಯಾರ್ಕ್‌ಶೈರ್ ತಳಿ ಅಕ್ಕಾ" ಅಂತಾರೆ. ಈ ಎರಡರ ಕಿವಿ ನೋಡಿ, ನೆಟ್ಟಗಿದೆ, ಒಪ್ಪಿದೆ. ಆ ಮೂರನೇದರ ಕಿವಿ ಕಣ್ಣಿನ ಮೇಲೆ ಜೋತುಬಿದ್ದಿದೆ, ಅದು ಲ್ಯಾಂಡ್‌ರೇಸ್ ಅನ್ನೋ ಬೇರೆ ತಳಿ ಕಡೆಯದ್ದು. ಕೇಳಿದ್ದಕ್ಕೆ "ಅಜ್ಜಿ ಕಡೆಯಿಂದ ಸ್ವಲ್ಪ" ಅಂದ್ರು! ಮಿಶ್ರ ತಳಿ ಚೆನ್ನಾಗೇ ಬೆಳೆಯುತ್ತೆ, ತೊಂದರೆ ಇಲ್ಲ, ಅಪ್ಪಟ ಅಂತ ರೇಟು ಏರಿಸ್ಬೇಡಿ ಅಷ್ಟೆ. ಬಾಲ ಎತ್ತಿ ನೋಡ್ತಿದ್ದೀನಿ, ಬೇದಿ ಆಗಿದ್ಯಾ ಅಂತ. ಒಣಗಿದೆ, ಸರಿ. ಹುಟ್ಟಿದ ಮೂರನೇ ದಿನ ಕಬ್ಬಿಣದ ಇಂಜೆಕ್ಷನ್ ಕೊಡಿಸಿದ್ದಾರೆ. ತಾಯಿ ಹಾಲಲ್ಲಿ ಕಬ್ಬಿಣ ಸಾಲಲ್ಲ, ಸಿಮೆಂಟ್ ನೆಲದಲ್ಲಿ ಮಣ್ಣು ಕೆದಕಿ ತಿನ್ನೋಕೂ ಆಗಲ್ಲ ಪಾಪ. ಎರಡು ಗಂಡಿಗೂ ಬೀಜ ತೆಗೆಸಿದ್ದಾರೆ.

ಈಗ ಗಲಾಟೆ ಭಾಗ. ಕೆಜಿಗೆ 380 ಹೇಳಿದ್ರು, 360ಕ್ಕೆ ನಿಂತ್ರು. ಆಗ ಗಂಟೆ ಹನ್ನೊಂದು. "ಕಾಫಿ ಕುಡೀರಿ, ಆಮೇಲೆ ತೂಗೋಣ" ಅಂದ್ರು. ಬೆಲ್ಲದ ಕಾಫಿ, ಜೊತೆಗೆ ಬಾಳೆಹಣ್ಣು. ನಾನು ಕಾಫಿ ಹೊಗಳ್ತಾ ಜಗಲಿ ಮೇಲೆ ಕೂತಿದ್ದೀನಿ, ನನ್ನ ಹಿಂದೆ ನೋಡಿ, ಫ್ರೇಮಿನ ಎಡಗಡೆ. ಅವರ ಮನೆಯವರು ಬಕೆಟ್ ತಗೊಂಡು ಗೂಡಿಗೆ ಹೋಗ್ತಿದ್ದಾರೆ. ಗಂಜಿ! ತೌಡು ಕಲಸಿದ ಗಂಜಿ, ತೂಗೋ ಮೊದಲು ಮರಿ ಹೊಟ್ಟೆ ತುಂಬ್ಸೋಕೆ! ಎಡಿಟ್ ಮಾಡುವಾಗ ನನ್ನ ಕಣ್ಣಿಗೆ ಬಿದ್ದಿದ್ದು ಇದು. ಅಲ್ಲಿ ನಾನು ಬಾಳೆಹಣ್ಣು ಸುಲೀತಿದ್ದೆ.

ಗೋಣಿಯೊಳಗೆ ಹಾಕಿ ತಕ್ಕಡಿಗೆ ನೇತು ಹಾಕಿದ್ರು. ಕಿರುಚಾಟಕ್ಕೆ ಸೌಂಡ್ ಕಮ್ಮಿ ಮಾಡಿದ್ದೀನಿ. ಗೋಣಿ ತೂಕ ಕಳೆದು 11.4, 10.8, 11.9, 9.7. ಒಟ್ಟು 43.8 ಕೆಜಿ, 15,768 ರೂಪಾಯಿ. ಮಾವ ಬಿಡಿಸಿ ಬಿಡಿಸಿ 15,700 ಕೊಟ್ಟು ಗೆದ್ದವರ ಹಾಗೆ ಓಮ್ನಿ ಹತ್ತಿದ್ರು.

ಮಾರನೇ ದಿನ ಬೆಳಿಗ್ಗೆ, ಏನೂ ಹಾಕೋ ಮೊದಲು ಮನೇಲಿ ತೂಗಿದ್ವಿ. 41.1. ಎರಡೂ ಮುಕ್ಕಾಲು ಕೆಜಿ ಹತ್ರ ಮಾಯ! ಹತ್ರ ಹತ್ರ 970 ರೂಪಾಯಿ ಗಂಜಿ. ಅಕ್ಕಿ ಕೆಜಿಗೆ ಎಷ್ಟು, ಈ ಗಂಜಿ ಕೆಜಿಗೆ ಎಷ್ಟು, ನೀವೇ ಹೇಳಿ. ಕೆಜಿ ಲೆಕ್ಕದಲ್ಲಿ ಮರಿ ತಗೋಲೇಬೇಡಿ, ತಲೆಗಿಷ್ಟು ಅಂತ ಮಾತಾಡಿ. ಅಲ್ಲಲ್ಲ, ತಲೆಗಿಷ್ಟು ಅಂದ್ರೆ ಆ 9.7ರ ಚಿಕ್ಕದನ್ನೇ ಮೊದಲು ಕಟ್ಟಿ ಕೊಡ್ತಾರೆ. ಕೆಜಿ ಲೆಕ್ಕವೇ ಸರಿ, ಗಂಜಿಗೆ ಮೊದಲು ಹೋಗ್ಬೇಕು. ಎಂಟಕ್ಕೆ ಹೊರಟಿದ್ರೆ ಸಿಗ್ತಿತ್ತು. ಮಾವ ಇದನ್ನ ನೋಡ್ತಿದ್ರೆ, ನಿಮಗೇ ಹೇಳ್ತಿರೋದು.

ಫೋನ್ ಮಾಡಿದೆ, ಸುಮ್ಮನೆ ಬಿಡೋಕಾಗುತ್ತಾ. "ಅಕ್ಕಾ, ಅಷ್ಟು ದೂರ ಓಮ್ನೀಲಿ ಬಂದ್ರೆ ಮರಿ ತೂಕ ಇಳಿಯಲ್ವಾ? ನಿಮ್ಮ ಮಾವನ್ನೂ ತೂಗಿ ನೋಡಿ" ಅಂದ್ರು. ನಗು ಬಂತು, ಹಾಳಾಗಿ ಹೋಗ್ಲಿ. ಅವರು ಹೇಳಿದ್ರಲ್ಲೂ ಅರ್ಧ ನಿಜ ಇದೆ, ದಾರೀಲಿ ಮರಿ ತೂಕ ಇಳಿಯೋದು ಹೌದು, ಓಮ್ನಿ ತೊಳೆದಿದ್ದು ನಾನೇ.

ಅಯ್ಯೋ, ಚಿಕ್ಕದು ಮಾವನ ಚಪ್ಪಲಿ ಎಳ್ಕೊಂಡು ಹೋಯ್ತು. ಇರಿ, ಬಂದೆ.