ಮೇ ತಿಂಗಳ ಸೂರ್ಯನನ್ನು ಬೆಳಿಗ್ಗೆ ನಂಬಬೇಡಿ

ನಮಸ್ಕಾರ. ಲೋಕಲ್‌ನಲ್ಲಿ ನೇತಾಡಿಕೊಂಡು ಮಾಟುಂಗದವರೆಗೆ ಬಂದಿದ್ದೀರಿ, ಥ್ಯಾಂಕ್ಸ್. ಸೂರ್ಯನನ್ನು ನೋಡಿ ನಡುಸಮುದ್ರದಲ್ಲಿ ಹಡಗು ಎಲ್ಲಿದೆ ಅಂತ ಕಂಡುಹಿಡಿಯುವುದು ಇವತ್ತಿನ ವಿಷಯ. ಮುಂದೆ ಕೂತ ಹುಡುಗರು ಸೆಕೆಂಡ್ ಮೇಟ್, ಅಂದರೆ ಹಡಗಿನ ಅಧಿಕಾರಿ, ಪರೀಕ್ಷೆಗೆ ಓದುತ್ತಿದ್ದಾರಂತೆ, ಹಿಂದೆ ಅವರ ಅಪ್ಪ ಅಮ್ಮ ಇದ್ದಾರೆ. ಹಾಗಾಗಿ ಲೆಕ್ಕ ಸ್ವಲ್ಪ, ಮಾತು ಜಾಸ್ತಿ.

ದಿಗಂತದಿಂದ ಸೂರ್ಯ ಎಷ್ಟು ಡಿಗ್ರಿ ಮೇಲಿದ್ದಾನೆ ಅಂತ ಅಳೆಯುವ ಉಪಕರಣ ಸೆಕ್ಸ್ಟೆಂಟ್. ಅದರಲ್ಲಿ ಸೂರ್ಯನ ಎತ್ತರ ಒಮ್ಮೆ ಅಳೆದರೆ ಹಡಗು ಎಲ್ಲಿದೆ ಅಂತ ಗೊತ್ತಾಗುವುದಿಲ್ಲ, ಯಾವ ಗೆರೆಯ ಮೇಲಿದೆ ಅಂತ ಮಾತ್ರ ಗೊತ್ತಾಗುತ್ತದೆ. ಇದು ಮೊದಲು ಹೊಳೆದದ್ದು ಅಮೆರಿಕದ ಕ್ಯಾಪ್ಟನ್ ಥಾಮಸ್ ಸಮ್ನರ್‌ಗೆ, 1837ರ ಡಿಸೆಂಬರ್‌ನಲ್ಲಿ. ಆ ಗೆರೆ ಸೂರ್ಯನ ಅಜಿಮತ್‌ಗೆ, ಅಂದರೆ ಸೂರ್ಯ ಇರುವ ದಿಕ್ಕಿಗೆ, ಅಡ್ಡ ಬೀಳುತ್ತದೆ. ಎರಡನೇ ಗೆರೆ ಬೇಕೆಂದರೆ ಸೂರ್ಯ ದಿಕ್ಕು ಬದಲಿಸುವವರೆಗೆ ಕಾಯಬೇಕು. ಅಷ್ಟರಲ್ಲಿ ಹಡಗು ಮುಂದೆ ಹೋಗಿರುತ್ತದಲ್ಲ, ಎಷ್ಟು ಹೋಯಿತೋ ಅಷ್ಟು ಮೊದಲ ಗೆರೆಯನ್ನೂ ಸರಿಸಿ, ಎರಡೂ ಕೂಡುವ ಕಡೆ ಗುರುತು ಹಾಕಬೇಕು. ಹಡಗಿನ ಜಾಗ ಗುರುತಿಸುವುದಕ್ಕೆ ಫಿಕ್ಸ್ ಅಂತಾರೆ; ರನ್ನಿಂಗ್ ಫಿಕ್ಸ್ ಅಂದರೆ ಇಷ್ಟೇ.

ಇಷ್ಟೇ ಅಂದುಕೊಂಡೇ ನಾನು ಹಡಗಿನಲ್ಲಿ ಕೆಡೆಟ್, ಅಂದರೆ ಕಲಿಯುವ ಹುಡುಗ, ಆಗಿದ್ದಾಗ ಮಾನ ಕಳೆದುಕೊಂಡೆ. ಮೇ ಮಧ್ಯಭಾಗ, ಗಲ್ಫ್‌ನಿಂದ ಮುಂಬೈಗೆ ಬರುತ್ತಿದ್ದೆವು. ಸೂರ್ಯ ನೆತ್ತಿಗೆ ಬರಲು 3 ಗಂಟೆ ಇರುವಾಗ ಒಂದು ಸೈಟ್, ಅಂದರೆ ಸೆಕ್ಸ್ಟೆಂಟ್ ಅಳತೆ, 1 ಗಂಟೆ ಇರುವಾಗ ಇನ್ನೊಂದು. ಗೆರೆ ಎಳೆದರೆ, ಕುರ್ಲಾ ಹತ್ತಿರ ಒಂದು ಹಳಿಗೆ ಇನ್ನೊಂದು ಬಂದು ಸೇರುತ್ತದಲ್ಲ, ಹಾಗೆ ಓರೆಯಾಗಿ ಕೂಡಿದವು. ಸೆಕೆಂಡ್ ಮೇಟ್ ಮಂಗಳೂರು ಕಡೆಯವರು. ನೋಡಿ ನಕ್ಕರು: "ಇದಕ್ಕೆ ಫಿಕ್ಸ್ ಅಂತೀಯಾ ಮಾರಾಯ?"

ಏನಾಗಿತ್ತು ಅಂದರೆ, ಮುಂಬೈ ಅಕ್ಷಾಂಶ ಸುಮಾರು 19 ಡಿಗ್ರಿ. ಮೇ 15ರ ಆಸುಪಾಸಿನಲ್ಲಿ ಸೂರ್ಯನ ಡಿಕ್ಲಿನೇಷನ್ನೂ, ಅಂದರೆ ಸೂರ್ಯ ನೆತ್ತಿಯ ಮೇಲೆ ಬರುವ ಅಕ್ಷಾಂಶವೂ, ಅಷ್ಟೇ. ಮಕ್ಕಳು ಅಂಗಳದಲ್ಲಿ ಡಬ್ಬಿ ಇಟ್ಟು ನೆರಳೇ ಇಲ್ಲ ಅಂತ ಕುಣಿಯುವ ದಿನ ಅದು. ಎಬಿಸಿ ಟೇಬಲ್, ಅಂದರೆ ಅಕ್ಷಾಂಶ, ಡಿಕ್ಲಿನೇಷನ್, ಹೊತ್ತು ಕೊಟ್ಟರೆ ಸೂರ್ಯನ ದಿಕ್ಕು ಹೇಳುವ ಕೋಷ್ಟಕ, ತೆಗೆದು ನೋಡಿ. 3 ಗಂಟೆ ಮೊದಲು ಎ 0.344 ದಕ್ಷಿಣ, ಬಿ 0.487 ಉತ್ತರ, ಉಳಿದದ್ದು 0.143. ಅಜಿಮತ್ 82, ಅಂದರೆ ಉತ್ತರದಿಂದ ಎಣಿಸಿದರೆ 82 ಡಿಗ್ರಿ, ನೇರ ಪೂರ್ವ 90. 1 ಗಂಟೆ ಮೊದಲು ಎ 1.285, ಬಿ 1.330, ಉಳಿದದ್ದು ಬರೀ 0.045. ಅಜಿಮತ್ 88. ಎ ದಕ್ಷಿಣಕ್ಕೆ ಎಳೆಯುತ್ತದೆ, ಬಿ ಉತ್ತರಕ್ಕೆ, ಇಬ್ಬರೂ ಸರಿಸಮ ಜಗಜಟ್ಟಿಗಳು, ಸೂರ್ಯ ಪೂರ್ವ ಬಿಟ್ಟು ಕದಲುವುದೇ ಇಲ್ಲ! ಎರಡು ಗಂಟೆ ಕಾದರೂ ಗೆರೆ ತಿರುಗುವುದು 6 ಡಿಗ್ರಿಗಿಂತ ಕಡಿಮೆ. ಒಂದು ಗೆರೆ 1 ಮೈಲಿ ತಪ್ಪಿದರೆ ಫಿಕ್ಸ್ ಸುಮಾರು 10 ಮೈಲಿ ಉತ್ತರಕ್ಕೋ ದಕ್ಷಿಣಕ್ಕೋ ಜಾರುತ್ತದೆ. ಹಡಗನ್ನು ತಳ್ಳುವ ಸಮುದ್ರದ ಪ್ರವಾಹದ ಲೆಕ್ಕ ತಪ್ಪಿದರೂ ಇದೇ ಗತಿ.

ಡಿಸೆಂಬರ್ ಕೊನೆಯಲ್ಲಿ ಈ ತಲೆನೋವಿಲ್ಲ. 3 ಗಂಟೆ ಮೊದಲು ಅಜಿಮತ್ 132, ಮಧ್ಯಾಹ್ನ 180. 48 ಡಿಗ್ರಿ ಸಿಗುತ್ತದೆ, ಸಾಕು.

ಹಾಗಾದರೆ ಮೇನಲ್ಲಿ ಏನು ಮಾಡೋದು? ಬೆಳಿಗ್ಗೆ ರೇಖಾಂಶಕ್ಕೆ ಒಂದು ಗೆರೆ ತೆಗೆದುಕೊಂಡು ಸುಮ್ನೆ ಕೂತುಕೊಳ್ಳಿ. ಮಧ್ಯಾಹ್ನ ಸೂರ್ಯ ಕೆಲವೇ ನಿಮಿಷದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹಾರುತ್ತಾನೆ. ಅಕ್ಷಾಂಶಕ್ಕೂ ಡಿಕ್ಲಿನೇಷನ್‌ಗೂ 1 ಡಿಗ್ರಿ ಅಂತರ ಇದ್ದರೆ, 4 ನಿಮಿಷ ಮೊದಲಿನಿಂದ 4 ನಿಮಿಷ ಆಮೇಲಿನವರೆಗೆ ಅಜಿಮತ್ ಹತ್ತಿರಹತ್ತಿರ 90 ಡಿಗ್ರಿ ತಿರುಗಿಬಿಡುತ್ತದೆ. ಅಷ್ಟರಲ್ಲಿ 12 ನಾಟ್ ಹಡಗು ಹೋಗುವುದು 1.6 ಮೈಲಿ. ಆಗ ಟೇಬಲ್ಲೂ ಬೇಡ. ಆ ಕ್ಷಣ ಸೂರ್ಯ ಯಾವ ಜಾಗದ ನೆತ್ತಿಯ ಮೇಲಿದ್ದಾನೋ ಅಲ್ಲಿ ಕೈವಾರದ ಮುಳ್ಳು ಊರಿ. ಎತ್ತರ 88.5 ಡಿಗ್ರಿ ಬಂದರೆ 90 ನಾಟಿಕಲ್ ಮೈಲಿ ತ್ರಿಜ್ಯದ ವೃತ್ತ, ಅಷ್ಟೇ. ಕೆಲವು ನಿಮಿಷ ಬಿಟ್ಟುಬಿಟ್ಟು ಅಳೆದು ಇಂಥ ಮೂರು ವೃತ್ತ ಎಳೆಯಿರಿ, ಅವು ಕೂಡುವ ಕಡೆ ಹಡಗು. ನೆತ್ತಿಯ ಹತ್ತಿರ ಇರುವ ಸೂರ್ಯನನ್ನು ಸೆಕ್ಸ್ಟೆಂಟ್‌ನ ಕನ್ನಡಿಯಲ್ಲಿ ಯಾವ ಕಡೆಯ ದಿಗಂತಕ್ಕೆ ಇಳಿಸಬೇಕು ಅಂತ ಮಾತ್ರ ಗಾಬರಿಯಾಗುತ್ತದೆ, ನನಗಂತೂ ಆಗಿತ್ತು.

ಜುಲೈ ಕೊನೆಯಲ್ಲಿ ಇದೇ ಅವಕಾಶ ಮತ್ತೊಮ್ಮೆ ಬರುತ್ತದೆ. ಆದರೆ ಆ ಮಳೆಯಲ್ಲಿ ಮುಂಬೈಯವರಿಗೆ ಸೂರ್ಯ ಕಂಡರೆ ತಾನೇ! ಸರಿ, ಚಾರ್ಟ್ ಇಲ್ಲೇ ಮೇಜಿನ ಮೇಲಿದೆ. ಹುಡುಗರು ಪೆನ್ಸಿಲ್ ತಗೊಂಡು ಬನ್ನಿ.