ಲಕ್ಸೆಂಬರ್ಗ್‌ನ ವಾಣಿಜ್ಯ ಮಂಡಳಿ: ಫೋನ್ ನಂಬರ್ ಇಲ್ಲದವರ ದನಿ

ಎಲ್ಲರಿಗೂ ನಮಸ್ಕಾರ.

ಸಣ್ಣ ದೇಶವೊಂದರಲ್ಲಿ ವಾಣಿಜ್ಯ ಮಂಡಳಿಗೆ, ಅಂದರೆ ವ್ಯಾಪಾರಿಗಳ ಪರವಾಗಿ ಮಾತಾಡುವ ಸಂಸ್ಥೆಗೆ, ಏನು ಕೆಲಸ? ಇದನ್ನು ಹೇಳಲು ನಾನು ಲಕ್ಸೆಂಬರ್ಗ್ ದೇಶವನ್ನು ಆರಿಸಿಕೊಂಡಿದ್ದೇನೆ. ಬೆಲ್ಜಿಯಂ, ಫ್ರಾನ್ಸ್, ಜರ್ಮನಿಗಳ ನಡುವೆ ಇರುವ ದೇಶ. ವಿಸ್ತೀರ್ಣ 2,586 ಚದರ ಕಿಲೋಮೀಟರ್. ನಮ್ಮ ಕೊಡಗಿಗಿಂತಲೂ ಚಿಕ್ಕದು. ಅಲ್ಲಿನ ವಾಣಿಜ್ಯ ಮಂಡಳಿ ಶುರುವಾಗಿದ್ದು 1841ರಲ್ಲಿ. ಮರುವರ್ಷವೇ ದೇಶ ಜರ್ಮನ್ ರಾಜ್ಯಗಳ ಸುಂಕ ಒಕ್ಕೂಟಕ್ಕೆ, ಅಂದರೆ ತಮ್ಮತಮ್ಮಲ್ಲಿ ಸುಂಕ ಹಾಕದ ರಾಜ್ಯಗಳ ಗುಂಪಿಗೆ, ಸೇರಿತು. ಒಳಗಿನ ಮಾರುಕಟ್ಟೆ ಇಷ್ಟೇ ಇಷ್ಟಿದ್ದಾಗ ಗಡಿಯಾಚೆ ಮಾರದೆ ವಿಧಿಯಿಲ್ಲ, ಅಲ್ವಾ?

ಆದರೆ ರಫ್ತಿಗಿಂತ ದೊಡ್ಡ ಕೆಲಸ ಇನ್ನೊಂದಿದೆ. ಪುಟ್ಟ ದೇಶದಲ್ಲಿ ದೊಡ್ಡವರಿಗೆಲ್ಲ ಒಬ್ಬರಿಗೊಬ್ಬರು ಗೊತ್ತು. ಮಂತ್ರಿಯ ಜೊತೆ ಓದಿದವರು ಬ್ಯಾಂಕ್ ನಡೆಸುತ್ತಿರಬಹುದು. ಒಂದು ಫೋನ್ ಮಾಡಿದರೆ ಮಾತು ತಲುಪಿಬಿಡುತ್ತದೆ. ಆ ನಂಬರ್ ಇಲ್ಲದ ಪೇಟೆ ಅಂಗಡಿಯವರ ಗತಿ ಏನು?

ಲಕ್ಸೆಂಬರ್ಗ್ ಇದಕ್ಕೆ 1924ರ ಕಾನೂನಿನಲ್ಲಿ ಉತ್ತರ ಹುಡುಕಿತು. ವ್ಯಾಪಾರ, ಕೈಗಾರಿಕೆ, ಬ್ಯಾಂಕು, ವಿಮೆ, ಹೋಟೆಲ್ ನಡೆಸುವವರೆಲ್ಲ ಮಂಡಳಿಯ ಸದಸ್ಯರು. ಇಷ್ಟ ಇದ್ದರೂ ಇಲ್ಲದಿದ್ದರೂ ಸದಸ್ಯರೇ. ವಂತಿಗೆ ಲಾಭದ ಲೆಕ್ಕದಲ್ಲಿ, ಹಾಗಾಗಿ ದೊಡ್ಡವರು ಜಾಸ್ತಿ ಕಟ್ಟುತ್ತಾರೆ. 5 ವರ್ಷಕ್ಕೊಮ್ಮೆ ಚುನಾವಣೆ. ವ್ಯಾಪಾರಿಗಳಿಗೆ ಸಂಬಂಧಪಟ್ಟ ಮಸೂದೆ ತಂದರೆ ಸರ್ಕಾರ ಮಂಡಳಿಯ ಅಭಿಪ್ರಾಯ ಕೇಳಲೇಬೇಕು. ಆ ಅಭಿಪ್ರಾಯ ಮಸೂದೆಯ ಜೊತೆಗೇ ಸಂಸತ್ತಿನ ಕಡತಕ್ಕೆ ಸೇರುತ್ತದೆ, ಯಾರು ಬೇಕಾದರೂ ಓದಬಹುದು. ಮಂಡಳಿ ತಾನೇ ಮಸೂದೆಯೊಂದನ್ನು ಬರೆದು ಸರ್ಕಾರದ ಮುಂದಿಡಲೂಬಹುದು. ಫೋನಿನಲ್ಲಿ ಮುಗಿಯುತ್ತಿದ್ದ ಮಾತು ಹೀಗೆ ಎಲ್ಲರ ಕಣ್ಣಿಗೂ ಬೀಳುತ್ತದೆ. ನನ್ನ ಪ್ರಕಾರ ಮಂಡಳಿಯ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಕಡ್ಡಾಯ ಅಂದಮೇಲೆ ತಕರಾರೂ ಇರುತ್ತದೆ. ಕೇಳದೆ ಸೇರಿಸಿ ದುಡ್ಡು ಕೀಳುವುದು ಯಾವ ನ್ಯಾಯ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ಸರಿಯಾಗಿಯೇ ಇದೆ. ಅಲ್ಲಿನ ಜನಸಂಖ್ಯೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಹೊರದೇಶದವರು. ಹಿಂದೆ ನೌಕರರಿಗಾಗಿ ಇದ್ದ ಇಂಥದ್ದೇ ಕಡ್ಡಾಯ ಮಂಡಳಿಯಲ್ಲಿ ಅವರು ವಂತಿಗೆ ಕಟ್ಟಬೇಕಿತ್ತು, ಆದರೆ ಓಟು ಹಾಕುವಂತಿರಲಿಲ್ಲ. 1991ರಲ್ಲಿ ಯುರೋಪಿನ ನ್ಯಾಯಾಲಯ ಇದು ತಪ್ಪು ಎಂದು ತೀರ್ಪು ಕೊಟ್ಟಿತು. ಯುರೋಪಿನ ಬೇರೆ ಸದಸ್ಯ ದೇಶಗಳಿಂದ ಬಂದ ಕೆಲಸಗಾರರಿಂದ ದುಡ್ಡು ತೆಗೆದುಕೊಂಡ ಮೇಲೆ ಓಟನ್ನೂ ಕೊಡಬೇಕು. ದುಡ್ಡು ಕಟ್ಟುವವರಿಗೆ ಓಟಿಲ್ಲದಿದ್ದರೆ ಕಡ್ಡಾಯ ಸದಸ್ಯತ್ವ ಸುಮ್ನೆ ಇನ್ನೊಂದು ತೆರಿಗೆ ಆಗುತ್ತದೆ, ಅಷ್ಟೇ.

ದಿನನಿತ್ಯದ ಕೆಲಸದ ಒಂದು ಉದಾಹರಣೆ ಕೊಡುತ್ತೇನೆ. ಯಂತ್ರ ತಯಾರಿಸುವ ಸಣ್ಣ ಕಂಪನಿಯೊಂದು ಸ್ವಿಟ್ಜರ್ಲೆಂಡಿನ ಪ್ರದರ್ಶನಕ್ಕೆ ಹೊರಟಿದೆ ಅಂದುಕೊಳ್ಳಿ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಗಡಿಯಲ್ಲಿ ಸುಂಕ ಕೇಳುತ್ತಾರೆ. ಯಂತ್ರ ಮಾರುವುದಕ್ಕಲ್ಲ, ತೋರಿಸಿ ವಾಪಸ್ ತರುವುದಕ್ಕೆ. ಆಗ ಮಂಡಳಿ ಎಟಿಎ ಕಾರ್ನೆಟ್ ಎಂಬ ದಾಖಲೆ ಕೊಡುತ್ತದೆ. ಅದಿದ್ದರೆ ಗಡಿಯಲ್ಲಿ ಸುಂಕ ಕಟ್ಟಬೇಕಿಲ್ಲ, ಹೋಗುವಾಗಲೂ ಬರುವಾಗಲೂ ಅದಕ್ಕೆ ಮುದ್ರೆ ಹಾಕಿಸಿಕೊಂಡರೆ ಸಾಕು. ಹೆಚ್ಚೆಂದರೆ ಒಂದು ವರ್ಷದ ಅವಧಿ. ಸರಕು ವಾಪಸ್ ಬರದಿದ್ದರೆ ಸುಂಕಕ್ಕೆ ಜಾಮೀನು ಇರುತ್ತದೆ. ದೊಡ್ಡ ಕಾರ್ಖಾನೆಗೆ ಇದೊಂದು ಮಾಮೂಲಿ ಕಾಗದ. ನಾಲ್ಕು ಜನರ ಕಂಪನಿಗೆ ಪರದೇಶದ ಮಾರುಕಟ್ಟೆಯ ಬಾಗಿಲು ತೆರೆಯುವುದೇ ಇದರಿಂದ.

ನಮ್ಮಲ್ಲೂ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತು. ಇವತ್ತಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ (ಎಫ್‌ಕೆಸಿಸಿಐ) ಅದರ ಮುಂದುವರಿಕೆ. ಇಲ್ಲಿ ಸದಸ್ಯತ್ವ ಬೇಕಾದವರಿಗೆ ಮಾತ್ರ. ಅದನ್ನು ಕಡ್ಡಾಯ ಮಾಡಿ ಎಂದು ನಾನು ಹೇಳುವುದಿಲ್ಲ. ಆದರೆ ಮಸೂದೆಯ ಜೊತೆಗೇ ವರ್ತಕರ ಅಭಿಪ್ರಾಯವನ್ನೂ ಅಚ್ಚು ಹಾಕುವ ಪದ್ಧತಿ ನಮಗೂ ಬೇಕು ಎಂದು ಗಟ್ಟಿಯಾಗಿ ಹೇಳುತ್ತೇನೆ.

ವರ್ತಕರದ್ದು ಮಾತ್ರ ಅಚ್ಚಾದರೆ ಸಾಲದು. ಲಕ್ಸೆಂಬರ್ಗಿನಲ್ಲಿ ನೌಕರರಿಗೂ, ಕುಶಲಕರ್ಮಿಗಳಿಗೂ, ರೈತರಿಗೂ ಬೇರೆ ಬೇರೆ ಮಂಡಳಿಗಳಿವೆ. ಸಂಬಳದ ಬಗ್ಗೆ ಮಸೂದೆ ಬಂದರೆ ವರ್ತಕರು ಒಂದು ಹೇಳುತ್ತಾರೆ, ನೌಕರರು ಅದಕ್ಕೆ ಉಲ್ಟಾ ಹೇಳುತ್ತಾರೆ. ಎರಡೂ ಒಂದೇ ಕಡತದಲ್ಲಿ ಇರುತ್ತವೆ. ಯಾವುದನ್ನೂ ಒಪ್ಪಲೇಬೇಕೆಂಬ ಕಟ್ಟುಪಾಡು ಸಂಸತ್ತಿಗಿಲ್ಲ. ಆದರೆ ಎರಡನ್ನೂ ಎದುರಿಗಿಟ್ಟುಕೊಂಡೇ ತೀರ್ಮಾನ ಮಾಡಬೇಕು.

ಈಗ ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.